ಓ ಅನ್ನದ ತುದಿ

ರಾತ್ರಿ ಹನ್ನೊಂದೂ ಇಪ್ಪತ್ತು. ಕಾರ್ಖಾನೆಯ ವ್ಯಾನು ಸೌಮ್ಯಳನ್ನು ಕುಂಬಾರಕೊಪ್ಪಲಿನ ಮುಖ್ಯರಸ್ತೆಯಲ್ಲೇ ಇಳಿಸಿ ಹೋಯಿತು. ಒಳಚರಂಡಿಗೆಂದು ಬೀದಿ ಅಗೆದು ಮೂರು ವಾರವಾಗಿತ್ತು. ಮುಚ್ಚಿರಲಿಲ್ಲ. ಮನೆಗೆ ಇನ್ನೂ ಐದು ನಿಮಿಷದ ನಡಿಗೆ. ದಾರಿಯಲ್ಲಿ ಒಂದು ಆಲದ ಮರ. ಮರದ ಬುಡದಲ್ಲಿ ಕಬ್ಬಿಣದ ಜಾಲರಿ ಮುಚ್ಚಿದ ಹಳೆಯ ಬಾವಿ.

ಇಲ್ಲಿಗೇ ನೀವು ನಗುತ್ತೀರಿ, ಗೊತ್ತು. ಆಲದ ಮರ, ಬಾವಿ, ಒಂಟಿ ಹೆಂಗಸು. ನಾನೂ ನಕ್ಕಿದ್ದೆ. ಏನು ಮಾಡಲಿ, ಮರ ಅಲ್ಲೇ ಇದೆ. ಹಗಲು ಹೊತ್ತು ಅದರ ಕೆಳಗೆ ಒಬ್ಬ ಇಸ್ತ್ರಿ ಗಾಡಿ ನಿಲ್ಲಿಸಿಕೊಂಡಿರುತ್ತಾನೆ. ಭಯ ಹುಟ್ಟಿಸುವ ಜಾಗವೇ ಅಲ್ಲ.

ಸೌಮ್ಯ ನನ್ನ ಚಿಕ್ಕಮ್ಮನ ಮಗಳು. ಮೂವತ್ತೊಂದು ವರ್ಷ. ಹೆಬ್ಬಾಳದ ಕೈಗಾರಿಕಾ ಪ್ರದೇಶದ ಒಂದು ರಬ್ಬರ್ ಕಾರ್ಖಾನೆಯಲ್ಲಿ ಇಂಜಿನಿಯರ್. ಯಂತ್ರಗಳಿಗೆ ಹೊರಡು, ನಿಲ್ಲು ಎಂದು ಹೇಳುವ ವಿಭಾಗ ಅವಳದು. ಕಾರ್ಖಾನೆಯ ಹೆಸರು ಬೇಡ. ದೆವ್ವ ನಂಬುವ ಪೈಕಿ ಅವಳಲ್ಲ. ನಾನಂತೂ ಭೌತಶಾಸ್ತ್ರ ಪಾಠ ಮಾಡಿ ಅನ್ನ ತಿಂದವನು.

ಅಗೆದ ಮಣ್ಣಿನಲ್ಲಿ ಅವಳ ಚಪ್ಪಲಿ ಸರ್... ಸರ್... ಎನ್ನುತ್ತಿತ್ತು. ದೂರದಲ್ಲಿ ಯಾರದೋ ಮನೆಯ ನೆಲದಡಿಯ ಸಂಪಿನೊಳಗೆ ನೀರು ಬೀಳುವ ಸದ್ದು. ಮರ ದಾಟಿದ್ದಳು. ಆಗ...

"ಸೌಮ್ಯಮ್ಮಾ..."

ಹಿಂದಿನಿಂದ. ಹತ್ತಡಿ ದೂರವಿರಬಹುದು. ಕಿರುಚಿದ್ದಲ್ಲ. ಅಂಗಡಿಯಲ್ಲಿ ಚಿಲ್ಲರೆ ಮರೆತು ಹೋಗುವವರನ್ನು ಕೂಗುತ್ತಾರಲ್ಲ, ಹಾಗೆ.

ಅವಳು ತಿರುಗಲಿಲ್ಲ. ಭಯದಿಂದಲ್ಲ, ಅಭ್ಯಾಸದಿಂದ. ರಾತ್ರಿ ಹೊತ್ತು ಹೆಸರು ಹಿಡಿದು ಕೂಗಿದರೆ ಮೂರನೇ ಸಲದವರೆಗೂ ಓ ಅನ್ನಬಾರದು ಎಂದು ಕೇಳಿಕೊಂಡೇ ಬೆಳೆದವರು ನಾವೆಲ್ಲ.

"ಸೌಮ್ಯಮ್ಮಾ..."

ಎರಡು. ಅವಳು ನಿಂತಳು. ಮೂರನೆಯದಕ್ಕೆ ಕಾದಳು. ಸಂಪಿನ ನೀರು ನಿಂತಿತು. ಮೂರನೆಯದು ಬರಲಿಲ್ಲ.

ಮನೆಯಲ್ಲಿ ಅವಳು ಸೌಮ್ಯ. ಕಾರ್ಖಾನೆಯಲ್ಲಿ ಎಲ್ಲರಿಗೂ ಮೇಡಂ. ಅವಳನ್ನು ಸೌಮ್ಯಮ್ಮ ಎನ್ನುತ್ತಿದ್ದವನು ಒಬ್ಬನೇ, ರಬ್ಬರ್ ಮಿಲ್ಲಿನ ಆಪರೇಟರ್ ಮಂಟಯ್ಯ. ಅವನು ನಿವೃತ್ತನಾಗಿ ಎರಡು ವರ್ಷ ಮನೆಯಲ್ಲಿದ್ದ. ಕಳೆದ ಆಷಾಢದಲ್ಲಿ ಒಂದು ರಾತ್ರಿ ಮುದ್ದೆ ಉಂಡು ಮಲಗಿದವನು ಏಳಲಿಲ್ಲ. ಸೌಮ್ಯ ಮಣ್ಣಿಗೂ ಹೋಗಿ ಬಂದಿದ್ದಳು.

ಮನೆಯಲ್ಲಿ ಚಿಕ್ಕಮ್ಮ ಶಾಂತಾದೇವಿ ಎದ್ದೇ ಇದ್ದರು. ಸೌಮ್ಯ ಬೀದಿಯಲ್ಲಿ ಕೇಳಿದ್ದನ್ನು ಹೇಳಿದಳು.

"ಎಷ್ಟು ಸಲ ಕೂಗ್ತು?"

"ಎರಡು."

"ನೀನು ಓ ಅನ್ಲಿಲ್ಲ ತಾನೆ?"

"ಇಲ್ಲಮ್ಮ."

"ಅನ್ಬೇಡ. ಅವಕ್ಕೆ ಮೂರು ಸಲ ಕೂಗೋಕೆ ಬರಲ್ಲ."

"ಪಾಪ. ಎರಡರ ಮೇಲೆ ಎಣಿಕೆ ಬರಲ್ವಾ? ಒಂದನೇ ಕ್ಲಾಸಲ್ಲೇ ಫೇಲಾ?"

"ನಗು, ನಗು. ನಗೋರನ್ನೇ ಅವು ಮೊದಲು ಹಿಡಿಯೋದು."

ಈಗ ಮಿಲ್ಲಿನ ವಿಷಯ ಹೇಳಬೇಕು. ಹೇಳದಿದ್ದರೆ ಮುಂದಿನದು ನಿಮಗೆ ತಿಳಿಯುವುದಿಲ್ಲ. ಎರಡು ಉಕ್ಕಿನ ರೋಲು, ಒಂದೊಂದೂ ಆಳುದ್ದ, ಅಕ್ಕಪಕ್ಕ. ಎರಡೂ ಒಳಮುಖವಾಗಿ ತಿರುಗುತ್ತವೆ. ನಡುವೆ ಬೆರಳಗಲದ ಸಂದಿ. ಆ ಸಂದಿಯಲ್ಲಿ ರಬ್ಬರು ಸಿಕ್ಕಿ ಹಾಳೆಯಾಗಿ ಬರುತ್ತದೆ. ರಬ್ಬರಿನ ಬದಲು ಕೈ ಸಿಕ್ಕಿದರೂ ರೋಲಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಮಂಟಯ್ಯನಿಗೆ ಮೂವತ್ತನೇ ವಯಸ್ಸಿನಲ್ಲಿ ಎಡಗೈಯ ಎರಡು ಬೆರಳು ಹೋಗಿದ್ದು ಹೀಗೇ.

ಆಮೇಲೆ ಅವನೇ ಒಂದು ಪದ್ಧತಿ ತಂದ. ಯಾವ ಪುಸ್ತಕದಲ್ಲೂ ಇಲ್ಲದ ಪದ್ಧತಿ. ರೋಲು ತಿರುಗಿಸುವ ಮೊದಲು ಪ್ಯಾನೆಲ್ಲಿನವನು, ಅಂದರೆ ಗುಂಡಿ ಒತ್ತುವವನು, ಆಪರೇಟರನ್ನು ಹೆಸರು ಹಿಡಿದು ಮೂರು ಸಲ ಕೂಗಬೇಕು. ಆಪರೇಟರ್ ಎರಡೂ ಕೈ ತಲೆಯ ಮೇಲೆತ್ತಿ "ಓ" ಅನ್ನಬೇಕು. ಓ ಬರದಿದ್ದರೆ ರೋಲು ತಿರುಗಿಸುವ ಹಾಗಿಲ್ಲ. ಕೈ ಎತ್ತದೆ ಓ ಅಂದರೆ ಮಂಟಯ್ಯ ಬಂದು ಕಿವಿ ಹಿಂಡುತ್ತಿದ್ದ, ನೌಕರಿಗೆ ಸೇರಿ ಎಷ್ಟು ವರ್ಷವಾಗಿದ್ದರೂ ಸರಿ. ಇಪ್ಪತ್ತೆಂಟು ವರ್ಷ ಆ ಮಿಲ್ಲಿನಲ್ಲಿ ಇನ್ನೊಂದು ಬೆರಳು ಹೋಗಲಿಲ್ಲ.

ಆಗ ಪ್ಯಾನೆಲ್ ಮಿಲ್ಲಿನ ಪಕ್ಕದಲ್ಲೇ ಇತ್ತು. ಕೂಗಿದರೆ ಕೇಳುತ್ತಿತ್ತು. ಈ ವರ್ಷ ಅದನ್ನು ಕಿತ್ತು, ಶೆಡ್ಡಿನ ಆ ಕೊನೆಯಲ್ಲಿ ಮಹಡಿಯ ಮೇಲೆ, ಗಾಜಿನ ಹಿಂದೆ, ಏಸಿ ಹಾಕಿದ ಕೋಣೆಯಲ್ಲಿ ಇಟ್ಟರು. ಕೋಣೆಗೂ ಮಿಲ್ಲಿಗೂ ನಡುವೆ ಗೋಡೆ ಸುತ್ತಿ ಬಂದ ತೊಂಬತ್ತು ಮೀಟರ್ ಈಥರ್‌ನೆಟ್ ಕೇಬಲ್. ಎಂಟು ವರ್ಷ ಹಳೆಯದು, ಇನ್ಯಾವುದಕ್ಕೋ ಎಳೆದಿದ್ದು. ಎರಡು ತುದಿಗೂ ಒಂದೊಂದು ಹೊಸ ಡಬ್ಬಿ. ಇವರು ಅದನ್ನು ಸ್ವಿಚ್ಚು ಅನ್ನುತ್ತಾರೆ. ಗೋಡೆಯ ಸ್ವಿಚ್ಚಿಗೂ ಅದಕ್ಕೂ ಸಂಬಂಧವಿಲ್ಲ. ನಾನು ಡಬ್ಬಿ ಅಂತಲೇ ಹೇಳುತ್ತೇನೆ.

ಜಗಳವೆಲ್ಲ ಆ ಕೇಬಲ್ಲಿನ ವೇಗದ ಮೇಲೆ. ಕೆಲಸ ಹಿಡಿದಿದ್ದ ಗುತ್ತಿಗೆ ಕಂಪನಿಯ ಇಂಜಿನಿಯರ್ ಯೋಗೇಂದ್ರ ಸಾವಿರ ಮೆಗಾಬಿಟ್ ಇಡಬೇಕೆಂದ. ಸೌಮ್ಯ ನೂರು ಸಾಕೆಂದಳು.

"ಮೇಡಂ, ನೂರಕ್ಕಿಂತ ಸಾವಿರ ದೊಡ್ಡದಲ್ವಾ?"

"ಮಗ್ಗಿ ಗೊತ್ತಿರೋರು ಹೌದು ಅಂತಾರೆ ಯೋಗೇಂದ್ರ. ಕೆಲಸ ಗೊತ್ತಿರೋರು ಯಾವ ಕೇಬಲ್ಲು ಅಂತ ಕೇಳ್ತಾರೆ."

ಅವಳ ವಾದ ಇಷ್ಟು. ಆ ಕೇಬಲ್ಲಿನಲ್ಲಿ ಹೋಗುವುದು ತಿರುಗು, ನಿಲ್ಲು, ಬಿಸಿ ಎಷ್ಟು, ವೇಗ ಎಷ್ಟು. ಪೋಸ್ಟ್ ಕಾರ್ಡಿನ ಸುದ್ದಿ. ಅದಕ್ಕೆ ಲಾರಿ ಯಾಕೆ? ನೂರಕ್ಕೆ ಕೇಬಲ್ಲಿನೊಳಗಿನ ನಾಲ್ಕು ಎಳೆ ಸಾಕು. ಸಾವಿರಕ್ಕೆ ಎಂಟೂ ಎಳೆ ಚೆನ್ನಾಗಿರಬೇಕು. ಈ ಕೇಬಲ್ಲು ದೊಡ್ಡ ಮೋಟಾರುಗಳ ಕರೆಂಟು ಲೈನಿಗೆ ಅಂಟಿಕೊಂಡೇ ಬಂದಿದೆ. ಅದರ ಗಲಾಟೆಯೆಲ್ಲ ಇದಕ್ಕೆ ತಾಗುತ್ತದೆ. ಸಂಪರ್ಕ ಒಮ್ಮೆ ಕಡಿದರೆ ಮತ್ತೆ ಕೂಡಿಕೊಳ್ಳಲು ಮೂರು ಸೆಕೆಂಡು. ಮೂರು ಸೆಕೆಂಡಿನಲ್ಲಿ ರೋಲು ಬೆರಳಿನಿಂದ ಮೊಣಕೈಗೆ ಬಂದಿರುತ್ತದೆ.

ಇನ್ನೊಂದು ತಕರಾರೂ ಇತ್ತು. ಮಿಲ್ಲಿನ ಮೇಲೆ, ಆಪರೇಟರನ ತಲೆಯ ಎತ್ತರಕ್ಕೆ, ಒಂದು ಹಗ್ಗ. ಅಪಾಯವಾದರೆ ಎಳೆಯಬೇಕು. ಹಿಂದೆ ಅದನ್ನು ಎಳೆದರೆ ನೇರವಾಗಿ ಮೋಟಾರಿನ ಕರೆಂಟೇ ಕಡಿಯುತ್ತಿತ್ತು. ಹೊಸ ಏರ್ಪಾಟಿನಲ್ಲಿ ಹಗ್ಗ ಎಳೆದ ಸುದ್ದಿ ಅದೇ ಕೇಬಲ್ಲಿನಲ್ಲಿ ಮಹಡಿಗೆ ಹೋಗಿ, ಅಲ್ಲಿಂದ ಅಪ್ಪಣೆ ವಾಪಸ್ ಬರಬೇಕು. ಸೌಮ್ಯ ಹಗ್ಗಕ್ಕೆ ಬೇರೆ ವೈರು ಕೊಡಿ ಎಂದಳು. ಎಲ್ಲ ಒಂದೇ ಕೇಬಲ್ಲಿನಲ್ಲಿದ್ದರೆ ನೀಟಾಗಿ ಕಾಣುತ್ತೆ ಎಂದ ಯೋಗೇಂದ್ರ.

ಕಾರ್ಖಾನೆಯ ಮ್ಯಾನೇಜರ್ ಸಿದ್ದಲಿಂಗಸ್ವಾಮಿಗೆ ಇದು ಯಾವುದೂ ಬೇಕಿರಲಿಲ್ಲ. ಅವರಿಗೆ ಬೇಕಾಗಿದ್ದು ಸೌಮ್ಯಳ ಸಹಿ. ಕೆಲಸ ಸರಿಯಾಗಿದೆ, ಮಿಲ್ಲು ಜನ ಬಳಸಬಹುದು ಎಂಬ ಕಾಗದಕ್ಕೆ. ಸೋಮವಾರದೊಳಗೆ. ಅವಳ ಸಹಿಯಿಲ್ಲದೆ ಹೊಸ ಏರ್ಪಾಟಿನಲ್ಲಿ ಯಾರೂ ಮಿಲ್ಲಿಗೆ ಕೈ ಹಚ್ಚುವಂತಿಲ್ಲ. ಸಹಿ ಬಿದ್ದರೆ ಮಾರನೆಯ ದಿನವೇ ಕೈ ಹಚ್ಚುವವನು ನಂಜಯ್ಯ. ಐವತ್ತಾರು ವರ್ಷ, ಮಂಟಯ್ಯ ಪಳಗಿಸಿದ ಆಳು.

ಆ ಶುಕ್ರವಾರ ಊಟದ ಹೊತ್ತಿನಲ್ಲಿ ನಂಜಯ್ಯ ಕೇಳಿದ. "ಮೇಡಮ್ಮೋರೆ, ಆ ಎರಡು ಡಬ್ಬಿ ವೇಗ ಹೆಂಗೆ ಗೊತ್ತು ಮಾಡ್ಕೊಳ್ತಾವೆ?"

"ಒಂದನ್ನೊಂದು ಕೂಗ್ತಾವೆ. ನಿಂಗೆಷ್ಟು ಬರುತ್ತೆ, ನಂಗಿಷ್ಟು ಬರುತ್ತೆ ಅಂತ. ಅದು ಓ ಅಂತು, ಇದು ಓ ಅಂತು, ಇಬ್ಬರಿಗೂ ಬರೋದನ್ನ ಹಿಡ್ಕೊಳ್ತಾವೆ. ಆಟೋ ಅಂತಾರೆ ಅದಕ್ಕೆ."

"ಆಟೋದೋರು ಕೂಗಿದ್ರೆ ಓ ಅನ್ನಲ್ಲ ಕಣಮ್ಮ. ನಿಲ್ಸೋದೂ ಇಲ್ಲ."

"ಇದು ಅನ್ನುತ್ತೆ."

"ನಮ್ಮಂಗೇ ಅನ್ನಿ." ಅವನಿಗೆ ಖುಷಿಯಾಯಿತು. ಆಮೇಲೆ ಕೇಳಿದ, "ಒಂದು ತುದಿ ಓ ಅನ್ನದೇ ಇದ್ರೆ?"

"ಇನ್ನೊಂದು ತುದಿ ಊಹೆ ಮಾಡ್ಕೊಳ್ಳುತ್ತೆ."

"ಊಹೆನಾ?" ನಂಜಯ್ಯನ ನಗು ನಿಂತಿತು. ಡಬ್ಬಿಯ ಕಡೆ ಒಮ್ಮೆ ನೋಡಿ ಕೈ ತೊಳೆಯಲು ಎದ್ದುಹೋದ.

ಅವತ್ತು ರಾತ್ರಿ ಮತ್ತೆ ಅದೇ ಬೀದಿ. ಹನ್ನೊಂದೂ ಇಪ್ಪತ್ತೈದು. ಮರ ದಾಟಿದಳು. ಈ ಸಲ ಸಂಪಿನ ಸದ್ದೂ ಇಲ್ಲ.

"ಸೌಮ್ಯಮ್ಮಾ..."

ನಡೆದಳು.

"ಸೌಮ್ಯಮ್ಮಾ..."

ನಿಂತಳು. ಮೂರನೆಯದಕ್ಕೆ ಕಾಯಲಿಲ್ಲ. ಅವಳಿಗೆ ರೇಗಿತ್ತು. ಹಗಲೆಲ್ಲ ಒಬ್ಬರು ಸಹಿ ಸಹಿ ಎಂದು ಪ್ರಾಣ ತಿನ್ನುವುದು, ರಾತ್ರಿ ಇನ್ನೊಬ್ಬರು ಕೂಗಿ ಸುಮ್ಮನಾಗುವುದು. ತಿರುಗಿ ಗಟ್ಟಿಯಾಗೇ ಅಂದಳು.

"ಓ! ಏನ್ರೀ ಮಂಟಯ್ಯನೋರೆ? ಏನಿದ್ರೂ ಹೇಳ್ಬುಡಿ. ನಂಗೆ ನಾಳೆ ನೈಟ್ ಶಿಫ್ಟಿದೆ."

ಯಾರೂ ಇಲ್ಲ. ಟಾರ್ಪಾಲು ಹೊದ್ದ ಇಸ್ತ್ರಿ ಗಾಡಿ. ಬಾವಿಯ ಜಾಲರಿಯ ಮೇಲೆ ಏನೋ ಸಣ್ಣದು ಬಿದ್ದು ಟಿಣ್... ಎಂದಿತು. ಆಲದ ಹಣ್ಣಿರಬೇಕು. ಆಮೇಲೆ, ಭುಜದ ಹತ್ತಿರದಲ್ಲೇ, ಪಿಸುಮಾತಿನಲ್ಲಿ...

"ಅಲ್ಲಿ ಓ ಅನ್ನೋರು ಯಾರಮ್ಮ?"

"ಎಲ್ಲಿ?"

ಉತ್ತರವಿಲ್ಲ. ಒಂದು ನಿಮಿಷ ನಿಂತು ಮನೆಗೆ ಬಂದಳು. ಓಡಲಿಲ್ಲ. ಅದನ್ನು ಅವಳು ಒತ್ತಿ ಹೇಳುತ್ತಾಳೆ.

ಶನಿವಾರ ಬೆಳಿಗ್ಗೆ ನನಗೆ ಫೋನು ಮಾಡಿದಳು. ನಾನು ಹೇಳಬೇಕಾದದ್ದನ್ನು ಹೇಳಿದೆ. ಹದಿನಾಲ್ಕು ಗಂಟೆ ದುಡಿದ ತಲೆ ತನ್ನ ಚಿಂತೆಯನ್ನೇ ಬೇರೆಯವರ ದನಿಯಲ್ಲಿ ಕೇಳಿಸಿಕೊಳ್ಳುತ್ತದೆ. ಪಾಠಕ್ಕೆ ಇಡಬಹುದಾದಷ್ಟು ಸರಳ ವಿಷಯ.

"ಇರಬಹುದು ಕಣಣ್ಣ," ಎಂದಳು. "ಆದ್ರೆ ಪ್ರಶ್ನೆ ಸರಿಯಾಗಿತ್ತು."

ಪರೀಕ್ಷೆ ಇಟ್ಟಿದ್ದು ಶನಿವಾರ ರಾತ್ರಿ. ಬೇರೆ ಯಂತ್ರಗಳು ನಿಲ್ಲುವುದು ಆಗ ಮಾತ್ರ. ಮಹಡಿಯ ಕೋಣೆಯಲ್ಲಿ ಸೌಮ್ಯ, ಯೋಗೇಂದ್ರ. ಕೆಳಗೆ ಮಿಲ್ಲಿನ ಮುಂದೆ ನಂಜಯ್ಯ ಒಬ್ಬನೇ. ರಬ್ಬರು ಕತ್ತರಿಸುವ ಬಾಗಿದ ಚಾಕು ಅವನ ಕೈಯಲ್ಲಿ. ಸೌಮ್ಯಳ ಹತ್ತಿರ ಒಂದು ವಾಕಿಟಾಕಿ, ನಂಜಯ್ಯನ ಸೊಂಟದಲ್ಲಿ ಇನ್ನೊಂದು.

"ಪ್ರತೀ ಸಲ ತಿರುಗಿಸೋ ಮೊದಲು ವಾಕಿಟಾಕೀಲಿ ಮೂರು ಸಲ ಕೂಗ್ತೀನಿ," ಎಂದಳು ಸೌಮ್ಯ.

ಯೋಗೇಂದ್ರ ನಕ್ಕ. "ಮೇಡಂ, ಪರದೆ ಮೇಲೆ ಎಲ್ಲಾ ಕಾಣುತ್ತಲ್ಲ. ಇದೇನು ಕಣ್ಣಾಮುಚ್ಚಾಲೆನಾ?"

"ಹೂಂ. ಕೈ ಇರೋರು ಆಡೋ ಆಟ."

ಕೂಗಿದಳು. "ನಂಜಯ್ಯನೋರೆ... ನಂಜಯ್ಯನೋರೆ... ನಂಜಯ್ಯನೋರೆ..."

"ಓ!" ಗಾಜಿನಾಚೆ ಎರಡು ಕೈ ಮೇಲಕ್ಕೆ ಹೋದವು. ಗುಂಡಿ ಒತ್ತಿದಳು. ಗುಂಯ್... ಎಂದು ರೋಲು ತಿರುಗಿತು. ನಿಲ್ಲಿಸಿದಳು. ನಿಂತಿತು. ಹೀಗೆ ಎಂಟು ಸಲ. ಡಬ್ಬಿಯ ಹಸಿರು ದೀಪ ಒಂದು ಸಲವೂ ಆರಲಿಲ್ಲ.

"ನೋಡಿ ಮೇಡಂ. ಸಾವಿರ. ಒಂದು ಸಲನೂ ಕಡಿದಿಲ್ಲ."

ಸೌಮ್ಯಳಿಗೆ ಆಶ್ಚರ್ಯವಾಯಿತು. ದೀಪ ಹಸಿರಾಗೇ ಇತ್ತಲ್ಲ, ಸುಮ್ಮನಾದಳು. "ಈಗ ಕ್ಯಾಮೆರಾ, ಬಿಸಿಯ ಗ್ರಾಫು, ಎಲ್ಲಾ ಒಟ್ಟಿಗೇ ಆನ್ ಮಾಡಿ," ಎಂದಳು. "ಕೇಬಲ್ಲು ತುಂಬಿರೋವಾಗ ನೋಡೋಣ."

ಮಾಡಿದರು. ರಾತ್ರಿ ಎರಡು ಗಂಟೆ ದಾಟಿತ್ತು. ಮತ್ತೆ ಮೂರು ಸಲ ಕೂಗಿದಳು. ನಂಜಯ್ಯ ಓ ಅಂದ, ಕೈ ಎತ್ತಿದ. ಗುಂಡಿ ಒತ್ತಿದಳು.

ಏನೂ ಆಗಲಿಲ್ಲ.

ಪರದೆಯ ಮೇಲೆ "ನಿಂತಿದೆ" ಎಂದೇ ಇತ್ತು. ದೀಪ ಹಸಿರು. ಒಂದು... ಎರಡು... ಮೂರು ಸೆಕೆಂಡು. ಅವಳು ನಿಲ್ಲಿಸುವ ಗುಂಡಿ ಒತ್ತಿದಳು. ಅದಕ್ಕೂ ಏನೂ ಇಲ್ಲ. ಪರದೆ ಹೆಪ್ಪುಗಟ್ಟಿದಂತಿತ್ತು. ಕೆಳಗೆ ನಂಜಯ್ಯ ಕೈ ಇಳಿಸಿದ. ಹಿಂದಿನ ಸಲದ ಒಂದು ತುಂಡು ರಬ್ಬರು ಸಂದಿಯಲ್ಲಿ ಅಂಟಿಕೊಂಡಿತ್ತು. ರೋಲು ತಿರುಗಲಿಲ್ಲ ಅಂದಮೇಲೆ ಈ ಸಲದ್ದು ಇಲ್ಲ ಎಂದುಕೊಂಡ. ಬಾಗಿದ. ಎಡಗೈಯಲ್ಲಿ ರಬ್ಬರು ಹಿಡಿದು, ಬಲಗೈಯ ಚಾಕುವನ್ನು ಸಂದಿಗೆ ಒಯ್ದ...

ಸೌಮ್ಯ ವಾಕಿಟಾಕಿಗೆ ಕೈ ಹಾಕಿದಳು. ಇನ್ನೂ ಎತ್ತಿಕೊಂಡಿರಲಿಲ್ಲ.

ನಂಜಯ್ಯನ ಎರಡೂ ಕೈ ಸಟ್ಟನೆ ತಲೆಯ ಮೇಲೆ ಹೋದವು. ಬಾಯಿ ತೆರೆಯಿತು. ಗಾಜಿನ ಹಿಂದೆ ಸದ್ದು ಕೇಳಿಸಲಿಲ್ಲ. ಆದರೆ ತುಟಿ ದುಂಡಗಾದದ್ದು ಕಾಣಿಸಿತು. ಓ.

ಆ ಕ್ಷಣವೇ ರೋಲು ತಿರುಗಿತು. ಕೈಯಿಂದ ಜಾರಿದ ಚಾಕು ಸಂದಿಗೆ ಬಿದ್ದು... ಕಟಕ್. ಆ ಸದ್ದು ಮಾತ್ರ ಗಾಜನ್ನೂ ದಾಟಿ ಬಂತು.

ನಂಜಯ್ಯ ಹಗ್ಗ ಎಳೆದ. ರೋಲು ನಿಲ್ಲಲಿಲ್ಲ. ಎರಡೂ ಕೈಯಲ್ಲಿ ಜೋತುಬಿದ್ದು ಎಳೆದ. ನಿಲ್ಲಲಿಲ್ಲ. ಸೌಮ್ಯ ಕುರ್ಚಿ ಬೀಳಿಸಿಕೊಂಡು ಗೋಡೆಗೆ ಓಡಿ ಶೆಡ್ಡಿನ ಮೇನ್ ಸ್ವಿಚ್ಚಿನ ಹಿಡಿ ಕೆಳಗೆಳೆದಳು. ಧಡ್! ಶೆಡ್ಡಿನ ದೀಪವೆಲ್ಲ ಆರಿತು. ಕತ್ತಲಲ್ಲಿ ರೋಲು ಗುಂಯ್... ಗುಂಯ್... ಎಂದು ಸಣ್ಣಗಾಗುತ್ತಾ, ಸಣ್ಣಗಾಗುತ್ತಾ ನಿಂತಿತು.

ಮೊಬೈಲಿನ ಬೆಳಕು ಹಿಡಿದು ಇಬ್ಬರೂ ಇಳಿದು ಬಂದರು. ನಂಜಯ್ಯ ಮಿಲ್ಲಿನಿಂದ ಎರಡು ಹೆಜ್ಜೆ ಹಿಂದೆ ನಿಂತಿದ್ದ. ಕೈ ಮತ್ತೆ ಮೇಲೆತ್ತಿಕೊಂಡಿದ್ದ.

"ಕೈ ಇಳಿಸಿ ನಂಜಯ್ಯನೋರೆ."

"ಇಳಿಸ್ಲಾ?"

"ಇಳಿಸಿ. ಮೇನೇ ತೆಗ್ದಿದೀನಿ."

ಇಳಿಸಿದ. ಎರಡೂ ಅಂಗೈ ತಿರುಗಿಸಿ ತಿರುಗಿಸಿ ನೋಡಿಕೊಂಡ. ಆಮೇಲೆ ಮೆಲ್ಲಗೆ, "ಒಳ್ಳೇ ಹೊತ್ತಿಗೆ ಕೂಗಿದ್ರಿ ಕಣಮ್ಮ."

"ನಾನು ಕೂಗ್ಲಿಲ್ಲ."

"ಇವ್ರಾ?"

"ನಾನು ಬಾಯೇ ಬಿಟ್ಟಿಲ್ಲ," ಎಂದ ಯೋಗೇಂದ್ರ.

ನಂಜಯ್ಯ ಮಿಲ್ಲಿನ ಕಡೆ ತಿರುಗಿದ. "ನಂಗೆ ಗೊತ್ತಿತ್ತು ಬುಡಿ," ಎಂದ. ಪಿಸುಗುಟ್ಟಿದ. "'ಲೋ ನಂಜ' ಅಂತು. ಒಂದೇ ಸಲ. ಮಂಟಣ್ಣನ ಬಿಟ್ರೆ ನನ್ನ ನಂಜ ಅನ್ನೋರು ಯಾರವ್ರೆ?"

"ಒಂದೇ ಸಲಕ್ಕೆ ಓ ಅಂದ್ಬುಟ್ರಾ?"

"ಅವನು ಕೂಗಿದ್ರೆ ಎರಡನೇ ಸಲಕ್ಕೆ ಕಾಯೋಕಾಯ್ತದಾ? ಕಿವಿ ಉಳೀಬೇಕಲ್ಲ."

ಇದಕ್ಕೂ ನನ್ನ ಹತ್ತಿರ ಉತ್ತರವಿದೆ. ಮೂವತ್ತು ವರ್ಷ ಮಿಲ್ಲಿನ ಸದ್ದು ಕುಡಿದ ಕಿವಿ. ಮೋಟಾರು ತಿರುಗುವ ಮೊದಲು ಸಣ್ಣಗೊಮ್ಮೆ ನರಳುತ್ತದೆ. ಮನಸ್ಸು ಅದಕ್ಕೆ ಹೆಸರು ಹಚ್ಚುತ್ತದೆ, ಮೈ ಅಭ್ಯಾಸದಿಂದ ಕೈ ಎತ್ತುತ್ತದೆ. ಒಪ್ಪುತ್ತೀರೋ ಇಲ್ಲವೋ, ನನಗೆ ಆಗ ಇದು ಸಾಕಾಗಿತ್ತು.

ಸೌಮ್ಯ ಮಾತ್ರ ಅಲ್ಲೇ ನೆಲದ ಮೇಲೆ ಕೂತಳು. ಮಿಲ್ಲಿನ ಮೋಟಾರಿಗೆ ಮಾತ್ರ ಕರೆಂಟು ಕೊಡದೆ ಉಳಿದದ್ದನ್ನು ಹಾಕಿಸಿದಳು. ಲ್ಯಾಪ್‌ಟಾಪ್ ತೆಗೆದು ಮೊದಲು ಈ ತುದಿಯ ಡಬ್ಬಿ ನೋಡಿದಳು. ಆಮೇಲೆ ಮಹಡಿಯ ಡಬ್ಬಿ. ಮಹಡಿಯದು ಆಟೋದಲ್ಲಿತ್ತು. ಕೂಗುತ್ತಿತ್ತು. ಮಿಲ್ಲಿನದನ್ನು ಯಾರೋ ನೂರಕ್ಕೆ ಬಿಗಿದಿದ್ದರು.

"ಇದು ಯಾರು ಮಾಡಿದ್ದು?"

ಯೋಗೇಂದ್ರ ನೆಲ ನೋಡಿದ. "ಸಾವಿರದಲ್ಲಿ ಲೈನು ಬೀಳ್ತಾ ಇತ್ತು ಮೇಡಂ. ಸಾಯಂಕಾಲದಿಂದ ಹನ್ನೊಂದು ಸಲ ಬಿತ್ತು. ನೀವು ಬರೋ ಮುಂಚೆ ಈ ತುದಿ ಮಾತ್ರ ನೂರಕ್ಕೆ ಬಿಗಿದ್ಬುಟ್ಟೆ. ಆ ತುದಿ ತಾನೇ ಹೊಂದ್ಕೊಳ್ಳುತ್ತೆ ಅಂತ..."

"ಬಿಗಿದ ತುದಿ ಓ ಅನ್ನಲ್ಲ ಅಂತ ನಿಮ್ಗೆ ಯಾರೂ ಹೇಳ್ಕೊಡ್ಲಿಲ್ವಾ?"

ತೀರಾ ಸಾಮಾನ್ಯ ತಪ್ಪು ಇದು. ಈ ಕಸುಬಿನಲ್ಲಿ ಒಮ್ಮೆಯಾದರೂ ಮಾಡದವರಿಲ್ಲವಂತೆ. ಬಿಗಿದ ತುದಿ ಕೂಗಿಗೆ ಉತ್ತರ ಕೊಡುವುದನ್ನೇ ಬಿಡುತ್ತದೆ. ಕೂಗಿ ಕೂಗಿ ಸೋತ ಇನ್ನೊಂದು ತುದಿ ವೇಗ ನೂರಿರಬೇಕು ಎಂದು ಪತ್ತೆ ಮಾಡುತ್ತದೆ. ಅಷ್ಟು ಸರಿ. ಆದರೆ ಒಬ್ಬರು ಮಾತಾಡುವಾಗ ಇನ್ನೊಬ್ಬರು ಸುಮ್ಮನಿರಬೇಕು ಎಂದೂ ತಾನೇ ಊಹಿಸಿಕೊಳ್ಳುತ್ತದೆ. ಬಿಗಿದ ತುದಿಗೆ ಆ ಮರ್ಯಾದೆ ಇಲ್ಲ, ಅದು ಯಾವಾಗ ಬೇಕಾದರೂ ಮಾತಾಡುತ್ತದೆ. ಮಾತಿನ ಮೇಲೆ ಮಾತು ಬಿದ್ದು ಎರಡೂ ಸಾಯುತ್ತವೆ. ಸುದ್ದಿ ಕಡಿಮೆ ಇದ್ದಾಗ ಯಾರಿಗೂ ತಿಳಿಯುವುದಿಲ್ಲ. ಜಾಸ್ತಿಯಾದಾಗ ತಿರುಗು ಎಂದದ್ದು ಎಂಟು ಸೆಕೆಂಡು ತಡವಾಗಿ ಹೋಗುತ್ತದೆ, ನಿಲ್ಲು ಎಂದದ್ದು ಹೋಗುವುದೇ ಇಲ್ಲ. ದೀಪ ಮಾತ್ರ ಹಸಿರಾಗೇ ಇರುತ್ತದೆ.

"ತಪ್ಪು ನಂದೂ ಇದೆ," ಎಂದಳು ಸೌಮ್ಯ. "ನಾನು ದೀಪ ನೋಡ್ದೆ. ತುದಿ ನೋಡ್ಲಿಲ್ಲ."

ಸೋಮವಾರ ಹತ್ತು ಗಂಟೆಗೆ ಸಿದ್ದಲಿಂಗಸ್ವಾಮಿ ಅವಳನ್ನು ಕರೆಸಿದರು. ಮೇಜಿನ ಮೇಲೆ ಕಾಗದ, ಅದರ ಮೇಲೆ ಪೆನ್ನು. ಸುದ್ದಿ ಆಗಲೇ ಕ್ಯಾಂಟೀನು ಮುಟ್ಟಿ ಅವರನ್ನೂ ಮುಟ್ಟಿತ್ತು.

"ಏನೋ ಗಾಳಿಗೀಳಿ ಅಂತ ಮಾತಾಡ್ಕೊಳ್ತಾ ಇದಾರಲ್ಲಮ್ಮ? ನಾಳೆ ಬೆಳಿಗ್ಗೆ ಬೂದುಗುಂಬಳಕಾಯಿ ಒಡೆಸ್ತೀನಿ. ಪುರೋಹಿತರಿಗೆ ಹೇಳಾಗಿದೆ. ನೀವು ಸಹಿ ಹಾಕ್ಬುಡಿ."

"ಗಾಳಿಗೆ ಕುಂಬಳಕಾಯಿ ಒಡೀರಿ ಸರ್. ನಂದೇನು ಅಡ್ಡಿಯಿಲ್ಲ. ಕೇಬಲ್ಲಿಗೆ ಅದು ನಾಟಲ್ಲ."

"ಆರ್ಡರಿನಲ್ಲಿ ಸಾವಿರ ಅಂತಿದೆ."

"ಕೇಬಲ್ಲಿಗೆ ಆರ್ಡರ್ ಓದೋಕೆ ಬರಲ್ಲ."

"ಬುಧವಾರ ಪುಣೆಯಿಂದ ಗಿರಾಕಿಗಳು ಬರ್ತಾರೆ. ಮಿಲ್ಲು ಓಡ್ತಿರಬೇಕು. ಎಲ್ಲಾ ಸರಿ ಇದೆ ಅಂತ ಯೋಗೇಂದ್ರನೇ ಬರ್ಕೊಟ್ಟಿದಾನೆ."

"ಹಾಗಾದ್ರೆ ಸಹಿನೂ ಅವ್ರೇ ಹಾಕ್ಲಿ."

"ನಿಮ್ಮ ಸೆಕ್ಷನ್ನು. ನಿಮ್ಮ ಸಹಿನೇ ಬೇಕು. ನೋಡಮ್ಮ, ಈ ಸಲ ಪ್ರಮೋಷನ್ ಪಟ್ಟೀಲಿ ನಿಮ್ಮ ಹೆಸರಿದೆ. ನಾನೇ ಬರೆದಿದ್ದು. ನಾನೇ ಹೊಡೆದು ಹಾಕಬಹುದು."

ಸೌಮ್ಯ ಪೆನ್ನು ತೆಗೆದುಕೊಂಡಳು. ಮ್ಯಾನೇಜರ್ ಕುರ್ಚಿಗೆ ಒರಗಿದರು. ಸಹಿಯ ಜಾಗ ಬಿಟ್ಟು, ಮೇಲಿನ ಖಾಲಿ ಜಾಗದಲ್ಲಿ ಕನ್ನಡದಲ್ಲೇ ಬರೆದಳು: "ವೇಗ ನೂರು. ಎರಡು ತುದಿಯೂ ಒಂದೇ ರೀತಿ. ಹಗ್ಗಕ್ಕೆ ಪ್ರತ್ಯೇಕ ವೈರು, ನೇರವಾಗಿ ಮೋಟಾರಿಗೆ. ಇದು ಆಗುವವರೆಗೆ ಮಿಲ್ಲು ಬ್ಯಾಡ." ಬೇಡ ಎಂದು ಬರೆಯಬೇಕಿತ್ತು. ಕೋಪದಲ್ಲಿ ಹಾಗೆ ಬಿತ್ತು. ತಿದ್ದಲಿಲ್ಲ. ಕೆಳಗೆ ತಾರೀಖು ಹಾಕಿದಳು.

"ಏನಮ್ಮ ಇದು?"

"ನನ್ನ ಅಭಿಪ್ರಾಯ. ಸಹಿ ಬೇಕೇ ಬೇಕು ಅಂದ್ರೆ ನೀವೇ ಹಾಕಿ ಸರ್. ಆದ್ರೆ ಇಲ್ಲಿ ಕೂತು ಹಾಕ್ಬೇಡಿ. ಕೆಳಗೆ ಬನ್ನಿ. ಒಂದು ಕೈ ರೋಲಿನ ಸಂದಿ ಹತ್ರ ಇಡಿ, ಇನ್ನೊಂದ್ರಲ್ಲಿ ಹಾಕಿ. ನಾನು ಮೇಲೆ ಗುಂಡಿ ಹತ್ರ ಇರ್ತೀನಿ."

ಅವರು ಹಾಕಲಿಲ್ಲ. ಒಂದು ಗಂಟೆ ಕೂಗಾಡಿದರು. ನಿಯತ್ತಿಲ್ಲದವಳು ಎಂದರು. ಹೆಂಗಸರನ್ನು ಈ ವಿಭಾಗಕ್ಕೆ ತೆಗೆದುಕೊಂಡದ್ದೇ ತಪ್ಪು ಎಂದರು. ಸೌಮ್ಯ ನಿಂತೇ ಕೇಳಿದಳು. ಹನ್ನೊಂದೂವರೆಗೆ ಮಿಲ್ಲಿನ ವಿಭಾಗದ ಎಂಟು ಜನ ಬಂದು ಮ್ಯಾನೇಜರರ ಕೋಣೆಯ ಹೊರಗೆ ನಿಂತರು. ಘೋಷಣೆಯಿಲ್ಲ, ಮಾತಿಲ್ಲ. ಎಲ್ಲರಿಗಿಂತ ಮುಂದೆ ನಂಜಯ್ಯ. ಗಾಜಿನ ಬಾಗಿಲಿನ ಆಚೆ ಎಂಟೂ ಜನ ಎರಡೆರಡು ಕೈ ತಲೆಯ ಮೇಲೆತ್ತಿಕೊಂಡು ನಿಂತಿದ್ದರು.

ಸಿದ್ದಲಿಂಗಸ್ವಾಮಿ ನೋಡಿದರು. ಕಾಗದ ಡ್ರಾಯರಿಗೆ ಹಾಕಿದರು.

ಗಿರಾಕಿಗಳು ಬುಧವಾರ ಬಂದು ನಿಂತ ಮಿಲ್ಲು ನೋಡಿಕೊಂಡು ಹೋದರು. ಹಗ್ಗಕ್ಕೆ ಬೇರೆ ವೈರು ಎಳೆಯಲು ಆರು ದಿನ ಹಿಡಿಯಿತು. ಎರಡೂ ತುದಿ ನೂರಕ್ಕೇ ನಿಂತವು, ಎರಡೂ ಕೂಗುತ್ತವೆ, ಎರಡೂ ಉತ್ತರ ಕೊಡುತ್ತವೆ. ಆಮೇಲೆ ಸೌಮ್ಯ ಸಹಿ ಹಾಕಿದಳು. ಪ್ರಮೋಷನ್ ಪಟ್ಟಿಯಿಂದ ಅವಳ ಹೆಸರು ಹೋಯಿತು. ಕೇಳಿದರೆ, "ಹೋಗ್ಲಿ ಬುಡಣ್ಣ, ನಂಜಯ್ಯ ಎರಡು ಕೈಯಲ್ಲೂ ಊಟ ಬಡಿಸ್ಕೊಳ್ತಾರೆ, ನೋಡೋಕೆ ಚೆನ್ನಾಗಿರುತ್ತೆ," ಎನ್ನುತ್ತಾಳೆ.

ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಯಾರಿಗೂ ಹೇಳುತ್ತಿರಲಿಲ್ಲ. ದಣಿದ ತಲೆ, ಸವೆದ ಕಿವಿ, ಒಂದು ಸಾಮಾನ್ಯ ತಪ್ಪು. ಎಲ್ಲಕ್ಕೂ ಲೆಕ್ಕ ಸಿಗುತ್ತದೆ.

ಮಹಡಿಯ ಡಬ್ಬಿ ಒಂದು ದಿನಚರಿ ಬರೆದುಕೊಳ್ಳುತ್ತದಂತೆ. ಯಾವ ಹೊತ್ತಿಗೆ ಯಾವ ಕೇಬಲ್ಲು ಯಾವ ವೇಗದಲ್ಲಿತ್ತು ಎಂದು. ಸೌಮ್ಯ ಅದನ್ನು ಅಚ್ಚು ಹಾಕಿಸಿ ತಂದು ನನ್ನ ಮುಂದಿಟ್ಟಳು. ಆ ಶನಿವಾರ ರಾತ್ರಿಯ ಸಾಲುಗಳು. ನೂರು. ನೂರು. ನೂರು. ಎರಡು ಗಂಟೆ ಹದಿನೇಳು ನಿಮಿಷ ನಲವತ್ತನೇ ಸೆಕೆಂಡಿಗೆ, ಹತ್ತು. ನಲವತ್ತೊಂಬತ್ತನೇ ಸೆಕೆಂಡಿಗೆ ಮತ್ತೆ ನೂರು. ಶೆಡ್ಡಿನ ಕ್ಯಾಮೆರಾದಲ್ಲಿ ನಂಜಯ್ಯ ಕೈ ಎತ್ತಿದ್ದು ನಲವತ್ತಮೂರನೇ ಸೆಕೆಂಡಿಗೆ.

ಹತ್ತು ಎಂದರೆ ಮೂವತ್ತು ವರ್ಷದ ಹಿಂದಿನ ವೇಗ. ಆಚೆ ತುದಿ ಹತ್ತರಲ್ಲಿ ಉತ್ತರ ಕೊಡದೆ ಈಚೆಯ ಡಬ್ಬಿ ಹತ್ತು ಎಂದು ಬರೆದುಕೊಳ್ಳುವುದಿಲ್ಲ. ಡಬ್ಬಿ ಕೆಟ್ಟಿರಬೇಕು ಎಂದೆ. ಅವಳು ಎರಡನ್ನೂ ಪರೀಕ್ಷೆಗೆ ಕಳಿಸಿದ್ದಳು. ಯಾವ ದೋಷವೂ ಇಲ್ಲ ಎಂಬ ಪತ್ರ ತೋರಿಸಿದಳು. ಮಿಲ್ಲಿನ ಕಡೆಯ ಡಬ್ಬಿಯನ್ನು ಮಾಡಿದವರ ಕೈಪಿಡಿ ಬೇಕೆಂದೆ. ತಂದುಕೊಟ್ಟಳು. ನೂರ ಹನ್ನೆರಡು ಪುಟ, ಅಕ್ಷರ ಬಿಡದೆ ಓದಿದೆ.

ನಂಬಿ ಎಂದು ನಾನು ಕೇಳುತ್ತಿಲ್ಲ. ನಾನೇ ನಂಬುವವನಲ್ಲ. ಆದರೆ ಇದು ನಡೆದಿದೆ, ಹಾಳೆ ನನ್ನ ಮೇಜಿನ ಮೇಲಿದೆ, ಬಂದು ನೋಡಬಹುದು. ಕೈಪಿಡಿಯ ಒಂಬತ್ತನೇ ಪುಟದಲ್ಲಿ ಆ ಡಬ್ಬಿಗೆ ಬರುವ ವೇಗಗಳ ಪಟ್ಟಿ ಇದೆ. ನೂರು, ಸಾವಿರ. ಅಷ್ಟೇ. ಹತ್ತು ಇಲ್ಲ.